ಮನಿ ಮಾರಬ್ಯಾಡ, ಬಾಡಿಗಿಗೆ ಹೋಗು

ನಮ್ಮ ಅಕ್ಕನ ಮಗ ಬೆಂಗಳೂರಿನ ಕಂಪನಿಗೆ ಬೆಳಗಾವಿಯ ಟಿಳಕವಾಡಿ ಮನೆಯಿಂದಲೇ ಕೆಲಸ ಮಾಡುತ್ತಾನೆ. ಈಗ ತಲೆಯಲ್ಲಿ ವಿಯೆಟ್ನಾಂನ ಡಾ ನಾಂಗ್ ಹೊಕ್ಕಿದೆ. "ಮಾಮಾ, ಸಮುದ್ರದ ಎದುರಿಗೇ ಫ್ಲ್ಯಾಟ್ ಅದ, ಬೆಂಗಳೂರಿಗಿಂತ ಸೋವಿ. ಮನಿ, ಹೊಲಾ ಎಲ್ಲಾ ಮಾರಿ ಅಲ್ಲೇ ಇದ್ದುಬಿಡೂಣು."

ಹೋಗಬೇಡ ಅನ್ನುವವನು ನಾನಲ್ಲ. ಅಲ್ಲಿಯ ಮೀ ಖೆ ಬೀಚ್ ಚೆಂದವೇ. ಮೀನಿನ ಸಾಸ್ ಬೀಳದ ಅಡುಗೆ ಹುಡುಕುವ ನಮ್ಮಂಥವರಿಗೆ ಬೌದ್ಧರ ಸಸ್ಯಾಹಾರಿ ಖಾನಾವಳಿಗಳೂ ಅಲ್ಲಿವೆ. ನನ್ನ ತಕರಾರು ಆ 'ಮಾರಿ' ಅನ್ನುವ ಮಾತಿಗೆ ಮಾತ್ರ.

ಯಾಕಂದರೆ ಅಲ್ಲಿ ಅವನು ಪ್ರವಾಸಿ, ವಾಸಿಯಲ್ಲ. 2023ರ ಆಗಸ್ಟ್‌ನಿಂದ ವಿಯೆಟ್ನಾಂ 90 ದಿನಗಳವರೆಗೆ ಇ-ವೀಸಾ ಕೊಡುತ್ತಿದೆ. ಮುಗಿದ ಮೇಲೆ ಗಡಿ ದಾಟಬೇಕು, ಮತ್ತೆ ಅರ್ಜಿ ಹಾಕಬೇಕು. ನಿವೃತ್ತರ ವೀಸಾ ಎಂಬುದೇ ಅಲ್ಲಿಲ್ಲ. ವಿದೇಶಿಯರಿಗೆ ಫ್ಲ್ಯಾಟ್ ಸಿಕ್ಕರೂ ಸಾಮಾನ್ಯವಾಗಿ 50 ವರ್ಷದ ಹಕ್ಕು, ನೆಲ ಸಿಗುವುದಿಲ್ಲ. ವರ್ಷದಲ್ಲಿ 183 ದಿನ ದಾಟಿದರೆ ಅಲ್ಲಿಯ ತೆರಿಗೆ ಇಲಾಖೆಗೂ ಲೆಕ್ಕ ಕೊಡಬೇಕು. ಅದಕ್ಕಿಂತ ಥಾಯ್ಲೆಂಡ್ ಮೇಲು ಅಂತೀರಾ? ಅಲ್ಲಿ ನಿವೃತ್ತರ ವೀಸಾ ಇದೆ, ಆದರೆ 50 ವರ್ಷ ತುಂಬಿರಬೇಕು, ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಬೇಕು. ಇಲ್ಲವೇ ತಿಂಗಳಿಗೆ 65 ಸಾವಿರ ಬಾತ್ ಆದಾಯ ತೋರಿಸಬೇಕು. ಡಾಲರ್ ಪಿಂಚಣಿಯವರಿಗೆ ಇದು ಹಗುರ. ರೂಪಾಯಿ ಪಗಾರದವರಿಗೆ?

ವಿಡಿಯೋಗಳಲ್ಲಿ ಎಲ್ಲರೂ ಸ್ಕೂಟರ್ ಮೇಲೆ ಕೂದಲು ಹಾರಿಸಿಕೊಂಡು ಹೋಗುತ್ತಾರೆ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾದ್ದು. ಬಿದ್ದು ಕಾಲು ಮುರಿದರೆ ವಿಮೆಯವರಿಗೆ ಕೈ ಎತ್ತಲು ಅಷ್ಟು ನೆಪ ಸಾಕು. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ಮಳೆ, ಚಂಡಮಾರುತದ ವಿಡಿಯೋ ಮಾಡುವವರೂ ಕಡಿಮೆ.

'ಸೋವಿ' ಎಷ್ಟು ದಿನ ಸೋವಿ ಅನ್ನುವುದು ಬೆಳಗಾವಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗೋವಾಕ್ಕೆ ಕಾಯಿಪಲ್ಲೆ ನಮ್ಮ ಮಾರ್ಕೆಟ್‌ನಿಂದಲೇ ಚೋರ್ಲಾ ಘಾಟ್ ಇಳಿಯುತ್ತದೆ. ಹೊರಗಿನ ದುಡ್ಡು ಬಂದ ಮೇಲೆ ಅಸಗಾಂವ್, ಅಂಜುನಾ ಕಡೆ ಜಾಗದ ದರ ಏನಾಯಿತು ಅಂತ ಲಾರಿ ಡ್ರೈವರನ್ನು ಕೇಳಿದರೂ ಹೇಳುತ್ತಾನೆ. ಡಾ ನಾಂಗ್‌ನಲ್ಲಿ ಆ ಹೊರಗಿನವರು ನಾವೇ ಆಗುತ್ತೇವೆ, ಅದೂ ಇದ್ದವರೊಳಗೆ ಬಡವರು.

ಹೊಲದ ಮಾತಂತೂ ಇನ್ನೂ ದೊಡ್ಡದು. ನೆಲೆಸಲೆಂದೇ ಹೋಗಿ ಎನ್‌ಆರ್‌ಐ ಆದವರು ಫೆಮಾ ಎಂಬ ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ಭಾರತದಲ್ಲಿ ಕೃಷಿ ಜಮೀನು ಖರೀದಿಸುವಂತಿಲ್ಲ. ಮೊದಲೇ ಇದ್ದದ್ದನ್ನು ಇಟ್ಟುಕೊಳ್ಳಬಹುದು, ಹಿರಿಯರಿಂದ ಬಂದದ್ದನ್ನು ಪಡೆಯಬಹುದು. ಇಂದು ಮಾರಿದ ಬೈಲಹೊಂಗಲದ ಎರಿ ಹೊಲವನ್ನು ನಾಳೆ ಅಲ್ಲಿ ಕುಳಿತು ಮರಳಿ ಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ.

ಅವನಿಗೆ ಹೇಳಿದ್ದು ಇಷ್ಟು: ಮನಿ ಬಾಡಿಗಿಗೆ ಕೊಡು, ಹೊಲಾ ಲಾವಣಿ (ಗುತ್ತಿಗಿ) ಹಾಕು. ಆಫೀಸಿನವರಿಂದ ಬರವಣಿಗೆಯಲ್ಲಿ ಒಪ್ಪಿಗೆ ತಗೋ, ವೀಸಾದ ಮೇಲೆ ಕೆಲಸ ಮಾಡಲು ಬರುತ್ತದೋ ಇಲ್ಲವೋ ವಕೀಲರನ್ನು ಕೇಳು. ಅಕ್ಕನಿಗೆ ಶುಗರ್ ಅದ, ಆಕೆಯ ಇಲ್ಲಿಯ ವಿಮೆ ಅಲ್ಲಿ ನಡೆಯುತ್ತದೆಯೇ ನೋಡು. ಬೇಸಿಗೆಯಲ್ಲಿ ಅಲ್ಲ, ಅಕ್ಟೋಬರ್‌ನಲ್ಲಿ ಹೋಗು. ಆ ಮಳೆಯೊಳಗೂ ಊರು ಹಿಡಿಸಿದರೆ ಮುಂದಿನದು ಆಮೇಲೆ ಮಾತಾಡೂಣು.