ವಿಶಾಖಪಟ್ಟಣಕ್ಕೆ ಹೈದರಾಬಾದ್ ಸುತ್ತು ಬ್ಯಾಡ್ರಿ

ವಿಶಾಖಪಟ್ಟಣಕ್ಕೆ ಹೋಗೋರು ಮೊದಲು ಹೈದರಾಬಾದ್ ಸೇರಬೇಕು ಅಂತ ಒಂದು ಪ್ರವಾಸ ಲೇಖನದಾಗ ಓದಿದೆ. ಕಲಬುರಗಿಯವರಿಗೆ ಅದು ಬ್ಯಾಡ್ರಿ. ಮುಂಬೈ–ಭುವನೇಶ್ವರ ಕೋನಾರ್ಕ್ ಎಕ್ಸ್‌ಪ್ರೆಸ್ ಕಲಬುರಗಿ, ವಾಡಿ ಎರಡೂ ಕಡೆ ನಿಂತು ನೇರ ಹೋಗ್ತದ. ರಿಸರ್ವೇಶನ್ 60 ದಿನ ಮೊದಲು ಶುರು. ತತ್ಕಾಲ್ ಹಿಂದಿನ ದಿನ: ಎಸಿಗೆ ಬೆಳಿಗ್ಗೆ 10, ಸ್ಲೀಪರ್‌ಗೆ 11. ಆದ್ರ ಈ ಲೆಕ್ಕ ರೈಲು ಮೊದಲ ನಿಲ್ದಾಣ ಬಿಡೋ ತಾರೀಖಿನದು. ಗಾಡಿ ನಿಮ್ಮ ಊರಿಗೆ ರಾತ್ರಿ 12 ದಾಟಿ ಬರ್ತಿದ್ರ ತತ್ಕಾಲ್ ಒಂದು ದಿನ ಮುಂಚೇನೇ ತೆರದಿರ್ತದ. ಬಹಳ ಮಂದಿ ಎಡವೋದು ಇಲ್ಲೇ.

ಬೀದರಿನವರು ವಿಶಾಖಪಟ್ಟಣದ ರೈಲು ಹಿಡೀಲಿಕ್ಕೆ ಸಿಕಂದರಾಬಾದಿಗೆ ಬಸ್ಸಿನಾಗ ಹೋದ್ರ ಎಂಜಿಬಿಎಸ್ (ಹೈದರಾಬಾದಿನ ದೊಡ್ಡ ಬಸ್ ನಿಲ್ದಾಣ) ತನಕ ಟ್ರಾಫಿಕ್‌ನಾಗ ಕೂಡಬ್ಯಾಡ್ರಿ. ಪಟಾನ್‌ಚೆರು ದಾಟಿದ ಮ್ಯಾಲೆ ಮಿಯಾಪುರದಾಗ ಇಳಿದು ಮೆಟ್ರೋ ಹತ್ರಿ, ಅಮೀರ್‌ಪೇಟದಾಗ ಬದಲಿಸಿ ಸಿಕಂದರಾಬಾದ್ ಈಸ್ಟ್. ರೈಲ್ವೆ ಸ್ಟೇಷನ್ ಅಲ್ಲೇ ಬಾಜೂಕ.

ಟಿಕೆಟ್ ಮ್ಯಾಲೆ ‘ದುವ್ವಾಡ’ ಅಂತಿದ್ರ ಅದು ವಿಶಾಖಪಟ್ಟಣದ ಹೊರಗಿನ ಸ್ಟೇಷನ್, ಗಾಡಿ ಊರೊಳಗ ಹೋಗೂದಿಲ್ಲ. ಎಂಜಿನ್ ತಿರುಗಿಸೋ ಹೊತ್ತು ಉಳಿಸ್ಲಿಕ್ಕೆ ಕೆಲವು ರೈಲು ಹೊರಗಿಂದೇ ಹೋಗ್ತಾವ. ಅಲ್ಲಿಂದ ಆಟೋಕ್ಕ ಚಲೋ ರೊಕ್ಕ ಬೀಳ್ತದ.

ಆರ್‌ಕೆ ಬೀಚ್ ವಿಶಾಖಪಟ್ಟಣ ಸ್ಟೇಷನ್‌ಗೆ ಹತ್ತಿರ, ಖರೆ, ಆದ್ರ ಅಲ್ಲಿ ನೀರಿನ ಸೆಳೆತ ಜೋರು. ಮೊಳಕಾಲಿನ ಮ್ಯಾಲೆ ಇಳೀಬ್ಯಾಡ್ರಿ. ಋಷಿಕೊಂಡ ಬೀಚಿಗೆ ಭೀಮಿಲಿ ಕಡಿ ಸಿಟಿ ಬಸ್ ಸಿಗ್ತಾವ.