ಮನೆ ಕಂದಾಯದ ಬಿಲ್ಲನ್ನು ಮೇಲಿನ ಸಾಲಿನಿಂದ ಓದಬೇಕು

ಮನೆ ಕಂದಾಯದ ಬಿಲ್ಲು ಕೈಗೆ ಬಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣು ನೇರವಾಗಿ ಹೋಗುವುದು ಕೊನೆಯ ಸಾಲಿನ ಒಟ್ಟು ಮೊತ್ತಕ್ಕೆ. ಹೋದ ವರ್ಷಕ್ಕಿಂತ ಹೆಚ್ಚಾಗಿದ್ದರೆ ಸ್ವಲ್ಪ ಗೊಣಗಿ, ಗಡುವಿನೊಳಗೆ ಕಟ್ಟಿ, ರಶೀದಿಯನ್ನು ಕಡತಕ್ಕೆ ಸೇರಿಸಿ ಮರೆತುಬಿಡುತ್ತೇವೆ. ಆದರೆ ಆ ಮೊತ್ತ ಹುಟ್ಟುವುದು ಬಿಲ್ಲಿನ ಮೇಲ್ಭಾಗದಲ್ಲಿ, ನಮ್ಮ ಮನೆಯ ವಿವರ ಬರೆದಿರುವ ಸಾಲುಗಳಲ್ಲಿ: ನಿವೇಶನದ ಅಳತೆ, ಕಟ್ಟಡದ ವಿಸ್ತೀರ್ಣ, ಕಟ್ಟಿದ ವರ್ಷ, ಕಟ್ಟಡದ ಬಗೆ, ಸ್ವಂತ ವಾಸವೋ ಬಾಡಿಗೆಯೋ ಎಂಬುದು. ತೆರಿಗೆಯ ದರ ಊರಿಗೆಲ್ಲ ಸೇರಿದ್ದು, ಅದನ್ನು ಒಬ್ಬರೇ ಬದಲಿಸಲಾಗದು. ಈ ವಿವರಗಳು ಮಾತ್ರ ನಮ್ಮ ಮನೆಗಷ್ಟೇ ಸೇರಿದವು. ಅವು ತಪ್ಪಾಗಿದ್ದರೆ ನಾವಲ್ಲದೆ ಬೇರೆ ಯಾರೂ ಗಮನಿಸುವುದಿಲ್ಲ.

ಇದು ನನಗೆ ಅರ್ಥವಾದದ್ದು ಒಂದು ಭಾನುವಾರ ಅಕ್ಕ ಮತ್ತು ನಾನು ಟೇಪು ಹಿಡಿದು ನಮ್ಮ ಮನೆಯನ್ನು ಅಳೆದಾಗ. ಅವಳು ಒಂದು ತುದಿ ಹಿಡಿದು ಗೋಡೆಗೆ ಒತ್ತಿ ನಿಲ್ಲುತ್ತಿದ್ದಳು, ನಾನು ಇನ್ನೊಂದು ತುದಿಯ ಅಂಕಿಯನ್ನು ಹಳೆಯ ಬಿಲ್ಲಿನ ಬೆನ್ನಿನ ಮೇಲೆ ಬರೆದುಕೊಳ್ಳುತ್ತಿದ್ದೆ. ಎಲ್ಲವನ್ನೂ ಕೂಡಿದಾಗ ದಾಖಲೆಯ ವಿಸ್ತೀರ್ಣ ನಮ್ಮ ಅಳತೆಗಿಂತ 140 ಚದರಡಿ ಹೆಚ್ಚಿತ್ತು. ಮೊದಲು ನಮ್ಮ ಅಳತೆಯೇ ತಪ್ಪಿರಬೇಕೆಂದುಕೊಂಡು ಮತ್ತೊಮ್ಮೆ ಅಳೆದೆವು. ಆಮೇಲೆ ಹೊಳೆಯಿತು: ಮಹಡಿಯ ಮೇಲಿನ 14 ಅಡಿ ಉದ್ದ, 10 ಅಡಿ ಅಗಲದ ತೆರೆದ ಜಾಗವನ್ನು, ಸೂರೇ ಇಲ್ಲದ ಆ ಜಾಗವನ್ನು, ಯಾರೋ ಯಾವಾಗಲೋ ಕೋಣೆಯೆಂದು ನಮೂದಿಸಿದ್ದರು. ಇಲ್ಲದ ಆ ಕೋಣೆಗೆ ನಾವು ಎಷ್ಟು ವರ್ಷಗಳಿಂದ ಕಂದಾಯ ಕಟ್ಟುತ್ತಿದ್ದೆವು ಎಂಬುದು ಇಂದಿಗೂ ನನಗೆ ನೋವಿನ ಸಂಗತಿ.

ವಿವರಗಳಿಂದ ಮೊತ್ತಕ್ಕೆ ಹೋಗುವ ದಾರಿ ಕಷ್ಟದ್ದಲ್ಲ. ಮನೆಗೆ ಒಂದು ಮೌಲ್ಯವನ್ನು ನಿಗದಿ ಮಾಡುತ್ತಾರೆ. ವಿನಾಯಿತಿ ಇದ್ದರೆ ಅದರಿಂದ ಕಳೆಯುತ್ತಾರೆ. ಉಳಿದದ್ದನ್ನು ದರದಿಂದ ಗುಣಿಸುತ್ತಾರೆ. ಬಂದ ತೆರಿಗೆಗೆ ಸೆಸ್ಸು, ಕಸ ವಿಲೇವಾರಿ ಶುಲ್ಕ, ಹಳೆಯ ಬಾಕಿ, ಬಡ್ಡಿ ಇತ್ಯಾದಿಗಳನ್ನು ಸೇರಿಸುತ್ತಾರೆ. ಗೊಂದಲ ಇರುವುದು ಮೌಲ್ಯವೆಂದರೆ ಯಾವ ಮೌಲ್ಯ, ಯಾವ ದಿನದ ಮೌಲ್ಯ ಎಂಬಲ್ಲಿ. ಇಂಗ್ಲೆಂಡಿನಲ್ಲಿ ಮನೆಗಳನ್ನು ಎಂಟು ಶ್ರೇಣಿಗಳಾಗಿ ವಿಂಗಡಿಸಿರುವುದು 1991ರ ಏಪ್ರಿಲ್ 1ರ ಬೆಲೆಯ ಆಧಾರದ ಮೇಲೆ; ನಿನ್ನೆ ಮೊನ್ನೆ ಕಟ್ಟಿದ ಮನೆಗೂ ಆ ದಿನ ಎಷ್ಟು ಬೆಲೆ ಬರುತ್ತಿತ್ತು ಎಂದೇ ಅಂದಾಜು ಮಾಡುತ್ತಾರೆ. ಜರ್ಮನಿಯಲ್ಲಿ ಪಶ್ಚಿಮ ಭಾಗಕ್ಕೆ 1964ರ, ಪೂರ್ವ ಭಾಗಕ್ಕೆ 1935ರ ಮೌಲ್ಯಗಳನ್ನೇ ಬಳಸುತ್ತಿದ್ದರು. 2018ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಇದು ಸಮಾನತೆಗೆ ವಿರುದ್ಧವೆಂದು ತೀರ್ಪು ಕೊಟ್ಟ ಮೇಲೆ, 2025ರಿಂದ ಹೊಸ ಲೆಕ್ಕ ಜಾರಿಗೆ ಬಂತು. ದೆಹಲಿ 2004ರಲ್ಲಿ ಬಾಡಿಗೆ ಮೌಲ್ಯದ ಪದ್ಧತಿಯನ್ನು ಬಿಟ್ಟು, ವಿಸ್ತೀರ್ಣಕ್ಕೆ ಪ್ರದೇಶವಾರು ದರ ಕಟ್ಟಿ, ಕಟ್ಟಡದ ವಯಸ್ಸು, ಬಗೆ, ಬಳಕೆಗಳಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡುವ ಪದ್ಧತಿಗೆ ಬದಲಾಯಿತು. ಆದ್ದರಿಂದ ಮನೆ ಇಂದು ಎಷ್ಟಕ್ಕೆ ಮಾರಾಟವಾದೀತು ಎಂಬುದರಿಂದ ಅಂದಾಜು ಶುರು ಮಾಡಿದರೆ ಬಹಳ ಕಡೆ ಲೆಕ್ಕ ಮೊದಲ ಹೆಜ್ಜೆಯಲ್ಲೇ ಎಡವುತ್ತದೆ. ಈ ಪೈಕಿ ವಿಸ್ತೀರ್ಣದ ಪದ್ಧತಿಯೇ ನನಗೆ ಹೆಚ್ಚು ಒಪ್ಪಿಗೆ. ಅದು ಎಲ್ಲಕ್ಕಿಂತ ನ್ಯಾಯವಾದದ್ದು ಎಂದಲ್ಲ, ಮನೆಯವರೇ ಕೂತು ಲೆಕ್ಕ ಹಾಕಿ ನೋಡಬಹುದು ಎಂಬ ಕಾರಣಕ್ಕೆ.

ಎರಡನೆಯ ಗೊಂದಲ ದರದ್ದು, ಮತ್ತು ಜನ ವೃಥಾ ಗಾಬರಿಪಡುವುದು ಇಲ್ಲೇ. ಮರುಮೌಲ್ಯಮಾಪನದಲ್ಲಿ ಮನೆಯ ಮೌಲ್ಯ ಇಮ್ಮಡಿಯಾಯಿತು ಎಂಬ ನೋಟಿಸು ಬಂದರೆ ಕಂದಾಯವೂ ಇಮ್ಮಡಿಯಾಗುತ್ತದೆ ಎಂದು ಭಾವಿಸುತ್ತೇವೆ. ದರವನ್ನು ಕಾಯಿದೆಯಲ್ಲೇ ಸ್ಥಿರವಾಗಿ ಬರೆದಿಟ್ಟ ಊರಿನಲ್ಲಿ ಅದು ನಿಜ. ಆದರೆ ಸ್ಥಳೀಯ ಸಂಸ್ಥೆ ಮೊದಲು ತನಗೆ ಬೇಕಾದ ಹಣವನ್ನು ನಿರ್ಧರಿಸಿ, ಆಮೇಲೆ ಅದನ್ನು ಊರಿನ ಒಟ್ಟು ಮೌಲ್ಯದಿಂದ ಭಾಗಿಸಿ ದರವನ್ನು ಕಂಡುಕೊಳ್ಳುವ ಪದ್ಧತಿಯೂ ಇದೆ. ಅಮೆರಿಕದ ಬಹಳಷ್ಟು ಕಡೆ ನಡೆಯುವುದು ಹೀಗೆಯೇ. ಊರಿನ ಎಲ್ಲ ಮನೆಗಳ ಮೌಲ್ಯ 100 ಕೋಟಿ, ಸಂಸ್ಥೆಗೆ ಬೇಕಾದದ್ದು 1 ಕೋಟಿ ಎಂದಿಟ್ಟುಕೊಳ್ಳಿ. ದರ ನೂರಕ್ಕೆ ಒಂದು. 50 ಲಕ್ಷದ ಮನೆಗೆ 50,000. ಮರುಮೌಲ್ಯಮಾಪನದಲ್ಲಿ ಊರಿನ ಒಟ್ಟು ಮೌಲ್ಯ 200 ಕೋಟಿಯಾಗಿ, ಬೇಕಾದ ಹಣ ಅಷ್ಟೇ ಉಳಿದರೆ ದರ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಮನೆಯೂ ಸರಿಯಾಗಿ ಇಮ್ಮಡಿಯಾಗಿ 1 ಕೋಟಿ ಮುಟ್ಟಿದ್ದರೆ ಕಂದಾಯ ಮತ್ತೆ 50,000ವೇ. ನಮ್ಮದು 80 ಲಕ್ಷಕ್ಕಷ್ಟೇ ಏರಿದ್ದರೆ 40,000ಕ್ಕೆ ಇಳಿಯುತ್ತದೆ. 1 ಕೋಟಿ 20 ಲಕ್ಷಕ್ಕೆ ಏರಿದ್ದರೆ 60,000. ಹಾಗಾಗಿ ಮುಂದಿನ ವರ್ಷದ ಬಿಲ್ಲನ್ನು ಅಂದಾಜು ಮಾಡುವವರು ನಮ್ಮ ಮನೆ ಎಷ್ಟು ಏರಿತು ಎಂದು ಕೇಳಿದರೆ ಸಾಲದು, ಊರಿನ ಸರಾಸರಿಗಿಂತ ಹೆಚ್ಚು ಏರಿತೇ, ಕಡಿಮೆ ಏರಿತೇ ಎಂದು ಕೇಳಬೇಕು. ಅದರ ಜೊತೆಗೆ ಸಂಸ್ಥೆಯ ಆಯವ್ಯಯ ಎಷ್ಟು ಹಿಗ್ಗಿದೆ ಎಂಬುದನ್ನೂ ನೋಡಿಕೊಳ್ಳಬೇಕು.

ವಿನಾಯಿತಿ ಮತ್ತು ರಿಯಾಯಿತಿ ಒಂದೇ ಅಲ್ಲ. ವಿನಾಯಿತಿಯನ್ನು ಮೌಲ್ಯದಿಂದ ಕಳೆಯುತ್ತಾರೆ, ರಿಯಾಯಿತಿಯನ್ನು ತೆರಿಗೆಯಿಂದ. ನೂರಕ್ಕೆ ಒಂದರ ದರದಲ್ಲಿ 5 ಲಕ್ಷದ ವಿನಾಯಿತಿಯಿಂದ ಕೈಯಲ್ಲಿ ಉಳಿಯುವುದು 5,000 ಮಾತ್ರ.

ಮನೆ ಕೊಳ್ಳಲು ಹೊರಟವರು ಮಾಡುವ ತಪ್ಪೊಂದಿದೆ, ಅದನ್ನು ಹೇಳಲೇಬೇಕು. ಮಾರುವವರ ಬಿಲ್ಲನ್ನು ನೋಡಿ, ತಮಗೂ ಅಷ್ಟೇ ಬರುತ್ತದೆ ಎಂದು ತಿಂಗಳ ಖರ್ಚನ್ನು ಲೆಕ್ಕ ಹಾಕುತ್ತಾರೆ. ಆ ಬಿಲ್ಲಿನಲ್ಲಿ ಹಳೆಯ ಒಡೆಯರ ವಯಸ್ಸಿಗೋ ಸ್ವಂತ ವಾಸಕ್ಕೋ ಸಿಕ್ಕ ವಿನಾಯಿತಿ ಸೇರಿರಬಹುದು, ಅದು ಅವರೊಡನೆಯೇ ಹೋಗುತ್ತದೆ. ಕ್ಯಾಲಿಫೋರ್ನಿಯದಲ್ಲಿ 1978ರಲ್ಲಿ ಮತದಾರರು ಒಪ್ಪಿದ 13ನೆಯ ಪ್ರಸ್ತಾಪವೆಂಬ ಕಾನೂನು ಜಾರಿಯಾದಾಗಿನಿಂದ ತೆರಿಗೆಯ ಮೌಲ್ಯ ಸಾಮಾನ್ಯವಾಗಿ ವರ್ಷಕ್ಕೆ ನೂರಕ್ಕೆ 2ಕ್ಕಿಂತ ಹೆಚ್ಚು ಏರುವಂತಿಲ್ಲ, ಆದರೆ ಮನೆ ಕೈ ಬದಲಾದೊಡನೆ ಅದು ಮಾರಾಟದ ಬೆಲೆಗೆ ಜಿಗಿಯುತ್ತದೆ. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದವರ ಬಿಲ್ಲಿಗೂ ಪಕ್ಕದ ಅಂಥದೇ ಮನೆಯನ್ನು ಈಗಷ್ಟೇ ಕೊಂಡವರ ಬಿಲ್ಲಿಗೂ ಹೋಲಿಕೆಯೇ ಇರುವುದಿಲ್ಲ.

ಆಕ್ಷೇಪಣೆ ಸಲ್ಲಿಸುವ ಮಾತು ಬಂದಾಗ ಜನ ಕಂದಾಯ ಹೆಚ್ಚಾಯಿತು ಎಂದು ಬರೆದು ಕೊಡುತ್ತಾರೆ, ಅದು ಬಿದ್ದುಹೋಗುತ್ತದೆ. ಹೆಚ್ಚಾಯಿತು ಎಂಬುದು ಆಕ್ಷೇಪಣೆಯಾಗದು. ಈ ಅಂಕಿ ತಪ್ಪು, ಸರಿಯಾದ ಅಂಕಿ ಇದು, ದಾಖಲೆ ಇಲ್ಲಿದೆ ಎಂಬುದು ಆಕ್ಷೇಪಣೆ. ಅದಕ್ಕೆ ಕೊಡುವ ಅವಧಿ ಸಾಮಾನ್ಯವಾಗಿ ಚಿಕ್ಕದು, ಮತ್ತು ಎಷ್ಟೋ ಕಡೆ ಅದನ್ನು ಎಣಿಸುವುದು ಮೌಲ್ಯದ ನೋಟಿಸು ಬಂದ ದಿನದಿಂದ, ಬಿಲ್ಲು ಬಂದ ದಿನದಿಂದಲ್ಲ. ಬಿಲ್ಲು ಕೈಗೆ ಸಿಕ್ಕ ಮೇಲೆ ಎಚ್ಚೆತ್ತವರಿಗೆ ಆ ವರ್ಷದ ಬಾಗಿಲು ಮುಚ್ಚಿರಬಹುದು. ಆ ನೋಟಿಸಿನಲ್ಲಿ ಲೆಕ್ಕದ ಪ್ರತಿ ಹೆಜ್ಜೆಯನ್ನೂ ಮುದ್ರಿಸಿ ಕೊಡುವುದು ಕಂದಾಯ ಕೇಳುವವರ ಕರ್ತವ್ಯ ಎಂದು ನಾನು ದೃಢವಾಗಿ ನಂಬಿದ್ದೇನೆ. ಮೊತ್ತವನ್ನಷ್ಟೇ ತಿಳಿಸಿ ಅದು ಬಂದ ದಾರಿಯನ್ನು ಮರೆಮಾಡಿದರೆ ಪ್ರಾಮಾಣಿಕವಾಗಿ ಕಟ್ಟುವವರಿಗೂ ಅನುಮಾನ ಹುಟ್ಟುತ್ತದೆ.

ನಾವು ಅಳತೆಯ ನಕ್ಷೆ, ಆ ತೆರೆದ ಜಾಗದ ನಾಲ್ಕು ಫೋಟೊ ಮತ್ತು ಒಂದು ಪುಟದ ಅರ್ಜಿಯನ್ನು ಕೊಟ್ಟು ಬಂದೆವು. ಒಬ್ಬ ಸಿಬ್ಬಂದಿ ಬಂದು ಮಹಡಿ ಹತ್ತಿ, ತಲೆಯೆತ್ತಿ ಆಕಾಶವನ್ನು ನೋಡಿ, ಏನೂ ಮಾತಾಡದೆ ಪುಸ್ತಕದಲ್ಲಿ ಬರೆದುಕೊಂಡು ಹೋದರು. ಮುಂದಿನ ಬಿಲ್ಲಿನಲ್ಲಿ 140 ಚದರಡಿ ಇರಲಿಲ್ಲ. ಹಿಂದೆ ಕಟ್ಟಿದ್ದ ಹಣ ವಾಪಸು ಬರಲಿಲ್ಲ, ಅವಧಿ ಮೀರಿದೆ ಎಂಬ ಉತ್ತರ ಬಂತು. ಅಂಕಿಗಳನ್ನು ಬರೆದುಕೊಂಡ ಆ ಹಳೆಯ ಬಿಲ್ಲನ್ನು ಅಕ್ಕ ಈಗ ಕಡತದ ಮೊದಲ ಹಾಳೆಯಾಗಿ ಇಟ್ಟಿದ್ದಾಳೆ. ಪ್ರತಿ ವರ್ಷ ಹೊಸ ಬಿಲ್ಲು ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ಮೇಲಿನ ಸಾಲಿನಿಂದ ಓದುತ್ತೇವೆ.