ತೊಂಬತ್ತಮೂರರ ಹಂಗು

2023ರ ನವೆಂಬರ್ 26ರ ಭಾನುವಾರ ಐಐಎಂಗಳಂಥ ಮ್ಯಾನೇಜ್‌ಮೆಂಟ್ ಕಾಲೇಜುಗಳಿಗೆ ಸೇರಲು ಬರೆಯುವ ಕ್ಯಾಟ್ ಪರೀಕ್ಷೆಯನ್ನು ನಾನು ಬರೆದದ್ದು ಮೊಸರನ್ನದ ಅಮಲಿನಲ್ಲಿ. ಪರೀಕ್ಷೆಗೆ ಹೊರಟವರ ಬಾಯಿಗೆ ಮೊಸರು ಹಾಕಿಯೇ ಕಳಿಸಬೇಕೆಂಬುದು ನಮ್ಮ ಮನೆಯ ನಿಯಮ. ನನ್ನ ಸರದಿ ಮಧ್ಯಾಹ್ನ 12.30ಕ್ಕೆ ಬಿದ್ದಿದ್ದರಿಂದ, ಮಗು ಮೂರು ಗಂಟೆಯವರೆಗೆ ಹಸಿದುಕೊಂಡಿರಬಾರದೆಂದು, ಹಿಂದಿನ ದಿನವೇ ತಿಪಟೂರಿನಿಂದ ಬಂದಿಳಿದಿದ್ದ ಅಮ್ಮ ಆ ಒಂದು ಚಮಚ ಮೊಸರನ್ನು ತಟ್ಟೆ ತುಂಬ ಮೊಸರನ್ನವಾಗಿ ವಿಸ್ತರಿಸಿದರು. ಮಗುವಿಗೆ ಆಗ ಇಪ್ಪತ್ತಾರು ವರ್ಷ.

ಮೊದಲ ವಿಭಾಗ ಇಂಗ್ಲಿಷ್ ಗದ್ಯಭಾಗಗಳನ್ನು ಓದಿ ಉತ್ತರಿಸುವುದು. ಅವಧಿ 40 ನಿಮಿಷ. ಎರಡನೆಯ ಗದ್ಯಭಾಗದ ಮೊದಲ ವಾಕ್ಯವನ್ನು ನಾನು ಆರು ಬಾರಿ ಓದಿದೆನೆಂಬುದು ನೆನಪಿದೆ, ಅದರಲ್ಲಿ ಏನಿತ್ತೆಂಬುದು ನೆನಪಿಲ್ಲ. ತಣ್ಣನೆಯ ಎ.ಸಿ. ಕೊಠಡಿ, ಹೊಟ್ಟೆಯಲ್ಲಿ ಸಾಸಿವೆ ಒಗ್ಗರಣೆಯ ಮೊಸರನ್ನ, ಕಣ್ಣೆದುರು ತತ್ತ್ವಶಾಸ್ತ್ರ: ಇಷ್ಟು ಸೇರಿದ ಮೇಲೆ ಎಚ್ಚರವಾಗಿರಬೇಕೆಂದು ಬಯಸುವುದೇ ಅನ್ಯಾಯ. ಎರಡನೆಯ ವಿಭಾಗಕ್ಕೆ ಬರುವ ಹೊತ್ತಿಗೆ ನಿದ್ದೆ ಬಿಟ್ಟಿತು, ಬುದ್ಧಿ ಮಾತ್ರ ಬರಲಿಲ್ಲ. ಯಾರು ಯಾರ ಪಕ್ಕದಲ್ಲಿ ಕುಳಿತಿದ್ದಾರೆಂದು ಪತ್ತೆ ಹಚ್ಚುವಂಥ ಒಂದೇ ಒಗಟಿಗೆ 22 ನಿಮಿಷ ಸುರಿದು, ಎಲ್ಲರನ್ನೂ ಕೂರಿಸಿ ಮುಗಿಸಿದಾಗ ಒಬ್ಬ ಮನುಷ್ಯ ನಿಂತೇ ಉಳಿದಿದ್ದ. ಪರದೆಯಿಂದ ಹಾಳೆಗೆ ಇಳಿಸಿಕೊಳ್ಳುವಾಗ ಒಂದು ಕುರ್ಚಿಯನ್ನು ನಾನೇ ಕಡಿಮೆ ಬರೆದುಕೊಂಡಿದ್ದೆ.

ಡಿಸೆಂಬರ್ 21ರಂದು ಫಲಿತಾಂಶ ಬಂತು: 93 ಪರ್ಸೆಂಟೈಲ್. ನಾನು ಮಾಡಿದ ಒಂದೇ ಒಂದು ತಪ್ಪೆಂದರೆ, ಫೋನಿನಲ್ಲಿ ಅಮ್ಮನಿಗೆ ಆ ಸಂಖ್ಯೆಯನ್ನು ಹೇಳಿ, ಉಳಿದ ಪದವನ್ನು ನುಂಗಿಕೊಂಡದ್ದು. "ತೊಂಬತ್ತಮೂರಾ!" ಎಂದ ಅಮ್ಮನ ದನಿಯಲ್ಲಿದ್ದ ಸಂಭ್ರಮವನ್ನು ತಿದ್ದಲು ಮನಸ್ಸಾಗಲಿಲ್ಲ. ಸಂಜೆಯೊಳಗೆ ಬೀದಿಗೆಲ್ಲ ಹಂಚಿಕೆಯಾದ ಧಾರವಾಡ ಪೇಡೆಯನ್ನು ವಾಪಸು ಪಡೆಯುವ ಉಪಾಯವೂ ಹೊಳೆಯಲಿಲ್ಲ. ನಿಜಕ್ಕೂ ಒಟ್ಟು 198 ಅಂಕಗಳಲ್ಲಿ ನನಗೆ ಬಂದದ್ದು ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಎಸ್‌ಎಸ್‌ಎಲ್‌ಸಿಯ ಲೆಕ್ಕದಲ್ಲಿ ಅದು ನಪಾಸು. ಆ ವರ್ಷ ಪರೀಕ್ಷೆ ಬರೆದವರು ಸುಮಾರು 2.88 ಲಕ್ಷ ಮಂದಿ. 93 ಪರ್ಸೆಂಟೈಲ್ ಎಂದರೆ ಬರೆದವರಲ್ಲಿ ನೂರಕ್ಕೆ 93 ಮಂದಿ ನನಗಿಂತ ಹಿಂದಿದ್ದಾರೆಂದು, ಅಂದರೆ ಮುಂದೆ ಇಪ್ಪತ್ತು ಸಾವಿರ ಜನ ನಿಂತಿದ್ದಾರೆಂದು ಅರ್ಥ. ಧರ್ಮಸ್ಥಳದ ಸರದಿಯಲ್ಲಾದರೆ ನಿಂತವರಿಗೆಲ್ಲ ಊಟವಾದರೂ ಸಿಗುತ್ತದೆ.

ನನ್ನ ಕಚೇರಿಯ ದಾರಿ ಬನ್ನೇರುಘಟ್ಟ ರಸ್ತೆ. ಮೆಟ್ರೊ ಕಾಮಗಾರಿಯ ಕೃಪೆಯಿಂದ ನಮ್ಮ ಬಸ್ಸು ಐಐಎಂನ ಗೇಟಿನ ಮುಂದೆ ಪ್ರತಿದಿನ ಧಾರಾಳವಾಗಿ ನಿಲ್ಲುತ್ತಿತ್ತು. ಬಿ.ವಿ. ದೋಶಿಯವರು ವಿನ್ಯಾಸಗೊಳಿಸಿದ ಒಳಗಿನ ಕಲ್ಲಿನ ಕಟ್ಟಡಗಳನ್ನು ಕಲ್ಪಿಸಿಕೊಳ್ಳುತ್ತ, ಮತ್ತೊಮ್ಮೆ ಬರೆಯಬೇಕೇ ಬೇಡವೇ ಎಂದು ನಾನು ಎಂಟು ತಿಂಗಳು ಯೋಚಿಸಿದೆ. ವಯಸ್ಸಿನ ಮಿತಿ ಇರಲಿಲ್ಲ, ಇಷ್ಟೇ ಸಲ ಬರೆಯಬೇಕೆಂಬ ಕಟ್ಟುಪಾಡೂ ಇರಲಿಲ್ಲ; ಇದ್ದಿದ್ದರೆ ಹಾಯಾಗಿ ಅದರ ಮೇಲೆ ಹೊರೆ ಹಾಕಬಹುದಿತ್ತು. ಹಳೆಯ ಅಂಕವನ್ನೇ ಇಟ್ಟುಕೊಳ್ಳೋಣವೆಂದರೆ ಅದರ ಆಯುಷ್ಯ ಒಂದೇ ವರ್ಷ. ಇದಕ್ಕೂ ಮಿಗಿಲಾದ ತೊಡಕೆಂದರೆ, ಸಂದರ್ಶನಕ್ಕೆ ಕರೆಯುವಾಗ ಕ್ಯಾಟ್ ಜೊತೆಗೆ ಹತ್ತನೆಯ ತರಗತಿಯ ಅಂಕಗಳನ್ನೂ ಅಲ್ಲಿ ತೂಗುತ್ತಾರೆ. ಹದಿನೈದನೆಯ ವಯಸ್ಸಿನಲ್ಲಿ, ವಿಜ್ಞಾನ ಪರೀಕ್ಷೆಯ ಹಿಂದಿನ ರಾತ್ರಿ ಕ್ರಿಕೆಟ್ ನೋಡುತ್ತ ಕುಳಿತಿದ್ದ ಆ ಹುಡುಗ ಹನ್ನೊಂದು ವರ್ಷಗಳ ನಂತರ ಹೀಗೆ ಅಡ್ಡಗಾಲು ಹಾಕುತ್ತಾನೆಂದು ಯಾರು ಕಂಡಿದ್ದರು? ಕ್ಯಾಟನ್ನು ಮತ್ತೆ ಬರೆಯಬಹುದು, ಆ ರಾತ್ರಿಯನ್ನು ಬರೆಯಲಾಗುವುದಿಲ್ಲ.

ಆದರೆ ಇವೆಲ್ಲ ನಾನು ಗೆಳೆಯರಿಗೆ ಹೇಳುತ್ತಿದ್ದ ಕಾರಣಗಳು. ನಿಜವಾದ ಕಾರಣ ಆ ಪೇಡೆ. ತೊಂಬತ್ತಮೂರು ತೆಗೆದ ಮಗ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಏಕೆ ಬರೆಯುತ್ತಿದ್ದಾನೆಂದು ಅಮ್ಮ ಬೀದಿಗೆ ಏನೆಂದು ವಿವರಿಸಬೇಕು?

2024ರ ಅರ್ಜಿಗೆ ಸೆಪ್ಟೆಂಬರ್ 13 ಕೊನೆಯ ದಿನವಾಗಿತ್ತು. 7ರಂದು ಗಣೇಶನ ಹಬ್ಬಕ್ಕೆ ಊರಿಗೆ ಹೋದೆ. ಎಲೆಯ ಮೇಲೆ ಕಡುಬು ಬೀಳುತ್ತಿದ್ದಂತೆಯೇ ಸೋದರಮಾವ ಕೇಳಿದರು: "ಏನಪ್ಪಾ, ಕಾಲೇಜು ಶುರುವಾಗಲಿಲ್ವಾ?" ಮತ್ತೊಮ್ಮೆ ಬರೆಯುವ ಯೋಚನೆಯಿದೆ ಎಂದೆ. ಅವರು ಕಡುಬನ್ನು ಎಲೆಯ ಮೇಲೆ ಬಿಟ್ಟು ದನಿ ತಗ್ಗಿಸಿದರು. "ತೊಂಬತ್ತಮೂರು ತಗೊಂಡೋನು ಮತ್ತೆ ಯಾಕೋ ಬರೀಬೇಕು? ಕಾಪಿ ಗೀಪಿ ಮಾಡಿ ಸಿಕ್ಕಿಬಿದ್ಯಾ?"

ಸಾಲಿನ ಎಲ್ಲ ಎಲೆಗಳೂ ನಿಶ್ಶಬ್ದವಾದವು. ಕಳ್ಳನೆನಿಸಿಕೊಳ್ಳುವುದಕ್ಕಿಂತ ದಡ್ಡನೆನಿಸಿಕೊಳ್ಳುವುದು ಮೇಲೆಂದು ನಿರ್ಧರಿಸಿ, ಪರ್ಸೆಂಟು ಬೇರೆ, ಪರ್ಸೆಂಟೈಲು ಬೇರೆ ಎಂಬ ಸತ್ಯವನ್ನು ಕೋಸಂಬರಿಯ ಕಾಳುಗಳನ್ನು ಸಾಲಾಗಿ ಜೋಡಿಸಿ ತೋರಿಸಿದೆ. ನನಗಿಂತ ಮುಂದಿರುವ ಇಪ್ಪತ್ತು ಸಾವಿರ ಮಂದಿಯನ್ನೂ ಮುಚ್ಚಿಡಲಿಲ್ಲ. ಅಮ್ಮ ಬಡಿಸುವ ಸೌಟನ್ನು ಹಿಡಿದು ನಿಂತೇ ಇದ್ದರು.

ಮೊದಲು ಮಾತಾಡಿದವರು ಅಪ್ಪ. ಕೊಬ್ಬರಿ ವ್ಯಾಪಾರಿಯಾದ ಅವರಿಗೆ ಸಂಖ್ಯೆಗಳ ಭಯವಿಲ್ಲ. "ಅಂದ್ರೆ ನಿನ್ನ ಹಿಂದೆ ಎರಡು ಲಕ್ಷ ಅರವತ್ತೆಂಟು ಸಾವಿರ ಜನ ಇದ್ದಾರೆ. ಅವರ ಮನೇಲೆಲ್ಲ ಹಬ್ಬ ಮಾಡ್ಲಿಲ್ವಾ? ಊಟ ಮಾಡು," ಎಂದರು. ಸಂಜೆ ಅಟ್ಟದ ಕೆಳಗೆ ನಿಂತು ನಿರ್ಧಾರದ ವಿಷಯವನ್ನು ಅವರೇ ಎತ್ತಿದರು. ನಮ್ಮ ಕಡೆ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿದ್ದು ಚಿಪ್ಪಿನೊಳಗೇ ಒಣಗಿ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. "ಬೇಗ ಇಳಿಸಿದ್ರೆ ಹಸಿ ಇರುತ್ತೆ, ರೇಟು ಬರಲ್ಲ. ಸುಮ್ನೆ ಬಿಟ್ರೆ ಕೌಟಾಗುತ್ತೆ. ನೀನು ಯಾವುದು ಅಂತ ನಿನಗೇ ಗೊತ್ತಿರಬೇಕು," ಎಂದರು. ಆ ರಾತ್ರಿ ಒಬ್ಬನೇ ಇದ್ದಾಗ ತಲೆಯನ್ನು ಎರಡು ಬಾರಿ ಅಲ್ಲಾಡಿಸಿ ನೋಡಿಕೊಂಡೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಶಬ್ದವೇನೂ ಬರಲಿಲ್ಲ, ಅದು ಹಸಿಯ ಲಕ್ಷಣವೆಂದು ತಿಳಿದು ಸಮಾಧಾನಪಟ್ಟೆ.

13ನೆಯ ತಾರೀಖಿನೊಳಗೆ ನಿರ್ಧರಿಸಲಾಗಲಿಲ್ಲ. ಕೊನೆಯ ದಿನವನ್ನು 20ಕ್ಕೆ ಮುಂದೂಡಿದರು, ನಾನೂ ನಿರ್ಧಾರವನ್ನು ಅಷ್ಟೇ ನಿಷ್ಠೆಯಿಂದ ಮುಂದೂಡಿದೆ. 19ರ ರಾತ್ರಿ ಅಮ್ಮ ಫೋನು ಮಾಡಿ, ಬೀದಿಯವರಿಗೆಲ್ಲ ತಾವೇ ಹೇಳಿಯಾಗಿದೆ ಎಂದರು. ಏನು ಹೇಳಿದಿರಿ ಎಂದು ಗಾಬರಿಯಿಂದ ಕೇಳಿದೆ. "ತೊಂಬತ್ತಮೂರು ಸಾಲದು, ತೊಂಬತ್ತೊಂಬತ್ತು ಬರೋವರೆಗೂ ಬಿಡಲ್ಲ ಅಂತ ಹಟ ಹಿಡಿದಿದ್ದಾನೆ ಅಂದೆ. ಸುಳ್ಳೇನಲ್ವಲ್ಲ?" ನಾನು ಉತ್ತರಿಸದೆ 2,500 ರೂಪಾಯಿ ಕಟ್ಟಿದೆ. ಕಳೆದ ಸಲಕ್ಕಿಂತ ನೂರು ಹೆಚ್ಚು.

ನವೆಂಬರ್ 5ರಂದು ಪ್ರವೇಶಪತ್ರ ಬಂತು. ಊರನ್ನು ಆರಿಸಿಕೊಳ್ಳಬಹುದು, ಹೊತ್ತನ್ನು ಆರಿಸಿಕೊಳ್ಳುವಂತಿಲ್ಲ. ತೆರೆದು ನೋಡಿದರೆ ಮತ್ತೆ ಮಧ್ಯಾಹ್ನ 12.30. ಅಮ್ಮನಿಗೆ ತಿಳಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಳೆದ ಬಾರಿಯ ತಪ್ಪು ತಮಗೆ ಅರ್ಥವಾಗಿದೆಯೆಂದೂ, ಈ ಸಲ ಮೊಸರನ್ನ ಮಾಡುವುದಿಲ್ಲವೆಂದೂ ಮಾತು ಕೊಟ್ಟರು.

"ಬಿಸಿಬೇಳೆ ಬಾತ್ ಮಾಡ್ತೀನಿ. ತುಪ್ಪ ಸ್ವಲ್ಪ ಜಾಸ್ತಿನೇ ಹಾಕ್ತೀನಿ."